ಆನ್‌ಲೈನ್ ಚೆಸ್ ನಿಂತರೆ ತಪ್ಪು ಎಲ್ಲಿದೆ?



ಮನೆಯ ಕಂಪ್ಯೂಟರಿನಲ್ಲಿ ಆನ್‌ಲೈನ್ ಚೆಸ್ ಆಡುವಾಗ ಆಟ ನಡುವೆಯೇ ನಿಂತರೆ ನಾವು ಮೊದಲು ಏನು ಮಾಡುತ್ತೇವೆ? ಮೌಸನ್ನು ಟೇಬಲ್ಲಿಗೆ ಕುಟ್ಟುತ್ತೇವೆ. ಆಮೇಲೆ ಬಂದ್ ಮಾಡಿ ಮತ್ತೆ ಚಾಲೂ ಮಾಡುತ್ತೇವೆ. ಅದಕ್ಕೂ ಆಗದಿದ್ದರೆ "ಹಾಳಾಗೈತಿ" ಅಂತ ರಿಪೇರಿಗೆ ಒಯ್ಯುತ್ತೇವೆ. ತಪ್ಪು ಎಲ್ಲಿದೆ ಎಂದು ಹುಡುಕದೇ ರೊಕ್ಕ ಖರ್ಚು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಹುಡುಕುವುದು ಹೇಗೆ ಎಂದು ಈ ಲೇಖನದಲ್ಲಿ ತಿಳಿಸುತ್ತೇನೆ.

ನಾವು ಆಡುವುದು ಲಿಚೆಸ್ ಎಂಬ ತಾಣದಲ್ಲಿ. ಇದನ್ನು ಫ್ರಾನ್ಸ್ ದೇಶದ ಥಿಬೋ ಡುಪ್ಲೆಸಿ ಎಂಬವರು 2010ರಲ್ಲಿ ಆರಂಭಿಸಿದರು. ರೊಕ್ಕ ಕೊಡಬೇಕಾಗಿಲ್ಲ, ಜಾಹೀರಾತೂ ಇಲ್ಲ. ನಾವು ಇಲ್ಲಿ ಕುದುರೆ ನಡೆಸಿದರೆ ಆ ಸುದ್ದಿ ಕಂಪ್ಯೂಟರಿನಿಂದ ಮನೆಯ ರೌಟರಿಗೆ, ಅಲ್ಲಿಂದ ಹೊರಗಿನ ಲೈನಿಗೆ, ಆಮೇಲೆ ಸಮುದ್ರದ ತಳದಲ್ಲಿ ಹಾಸಿದ ಕೇಬಲ್ಲಿನೊಳಗೆ ಹಾಯ್ದು ಫ್ರಾನ್ಸಿನಲ್ಲಿರುವ ಸರ್ವರಿಗೆ ಮುಟ್ಟುತ್ತದೆ. ನಾನು ನವಲಗುಂದ ತಾಲೂಕಿನಲ್ಲಿ, ಎದುರಾಳಿ ಪಕ್ಕದ ಅಣ್ಣಿಗೇರಿಯಲ್ಲಿ ಕೂತಿದ್ದರೂ ಸುದ್ದಿ ಫ್ರಾನ್ಸಿಗೆ ಹೋಗಿಯೇ ಬರಬೇಕು!

ಎಷ್ಟು ಹೊತ್ತು ಬೇಕು? ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಫ್ರಾನ್ಸ್ ನಮ್ಮಿಂದ 7 ಸಾವಿರ ಕಿ.ಮೀ.ಗಿಂತ ದೂರ. ಹೋಗಿ ಬರಲು 14 ಸಾವಿರ. ಭಾಗಾಕಾರ ಮಾಡಿದರೆ 0.07 ಸೆಕೆಂಡು, ಅಂದರೆ 70 ಮಿಲಿಸೆಕೆಂಡು. ಕೇಬಲ್ಲು ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ಆಗುತ್ತದೆ. ಇಷ್ಟು ತಡ ಯಾರ ತಪ್ಪೂ ಅಲ್ಲ. ಲಿಚೆಸ್ ಈ ತಡವನ್ನು ಸ್ವಲ್ಪ ಮಟ್ಟಿಗೆ ನಮ್ಮ ಗಡಿಯಾರಕ್ಕೆ ವಾಪಸ್ ಕೊಡುತ್ತದೆ.

ಅದಕ್ಕಿಂತ ಬಹಳ ತಡವಾದರೆ ಮಾತ್ರ ಹುಡುಕಬೇಕು. ಅದಕ್ಕೆ ಪಿಂಗ್ ಎಂಬ ಉಪಾಯ ಇದೆ. ಇದನ್ನು ಅಮೇರಿಕದ ಮೈಕ್ ಮೂಸ್ ಎಂಬವರು 1983ರಲ್ಲಿ ಬರೆದರು. ನೀರಿನೊಳಗೆ ಶಬ್ದ ಬಿಟ್ಟು, ಅದು ಬಡಿದು ವಾಪಸ್ ಬರುವ ಹೊತ್ತು ಎಣಿಸಿ ದೂರ ಹೇಳುತ್ತಾರಲ್ಲ, ಆ ಶಬ್ದದ ಹೆಸರೇ ಇದಕ್ಕೆ. ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ಸಿಎಂಡಿ ಎಂದು ಟೈಪ್ ಮಾಡಿದರೆ ಒಂದು ಕಪ್ಪು ಪರದೆ ಬರುತ್ತದೆ. ಅದರಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು, ಮೊದಲು ನಿಮ್ಮ ರೌಟರಿನ ನಂಬರ ಹಾಕಿರಿ. ಬಹಳ ರೌಟರುಗಳಿಗೆ 192.168.1.1 ಇರುತ್ತದೆ, ಇಲ್ಲವಾದರೆ ರೌಟರಿನ ಕೆಳಗೆ ಅಂಟಿಸಿದ ಚೀಟಿ ನೋಡಿರಿ. ಎರಡನೇ ಸಲ 8.8.8.8 ಹಾಕಿರಿ, ಇದು ಹೊರಗಿನದು, ಗೂಗಲ್‌ನವರದು. ರೌಟರಿನ ಉತ್ತರ ಬೇಗ ಬಂದು ಹೊರಗಿನದು ತಡವಾದರೆ ತಪ್ಪು ಲೈನಿನದು. ರೌಟರಿನದೇ ತಡವಾದರೆ ತಪ್ಪು ಮನೆಯೊಳಗೇ ಇದೆ.

ನಮ್ಮ ಮನೆಯಲ್ಲಿ ರೌಟರಿನ ಉತ್ತರವೇ 300, 400 ಮಿಲಿಸೆಕೆಂಡಿಗೆ ಬರುತ್ತಿತ್ತು. ನಾವು ಸುಮ್ಮನೇ ಲೈನಿನವರಿಗೆ ಬೈಯುತ್ತಿದ್ದೆವು! ರೌಟರು ಪಡಸಾಲೆಯಲ್ಲಿ ಅವ್ವನ ಹಿತ್ತಾಳಿ ಕೊಡಗಳ ಹಿಂದೆ ಇತ್ತು, ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ. ನಡುವೆ ಎರಡು ಫೂಟು ದಪ್ಪದ ಮಣ್ಣಿನ ಗೋಡೆ. ವೈಫೈ ಅಲೆಗಳು ಲೋಹವನ್ನು ದಾಟುವುದಿಲ್ಲ, ದಪ್ಪ ಗೋಡೆಯಲ್ಲಿ ಸೊರಗುತ್ತವೆ. ಕಾಕಾ ಒಂದು ವೈರು ಎಳೆದು ಕೊಟ್ಟ ಮೇಲೆ 1 ಮಿಲಿಸೆಕೆಂಡು ಆಯಿತು.

ಕರೆಂಟು ಹೋದಾಗ ಯುಪಿಎಸ್ ಇದ್ದರೆ ಕಂಪ್ಯೂಟರ್ ಉಳಿಯುತ್ತದೆ, ಆದರೆ ರೌಟರ್ ಆರುತ್ತದೆ. ಅದು ಮತ್ತೆ ಎದ್ದು ಕೂಡುವವರೆಗೆ ಆಟದ ಗಡಿಯಾರ ನಿಲ್ಲುವುದಿಲ್ಲ. ಆದ್ದರಿಂದ ರೌಟರಿನ ಪ್ಲಗ್ಗನ್ನೂ ಯುಪಿಎಸ್‌ಗೇ ಹಾಕಿರಿ. ನಮ್ಮ ಕಡೆ ಎರಿ ಮಣ್ಣಿನ ಧೂಳು ಬೇರೆ. ಫ್ಯಾನಿನಲ್ಲಿ ಧೂಳು ಕೂತರೆ ಒಳಗೆ ಕಾವು ಏರಿ ಕಂಪ್ಯೂಟರ್ ತಾನೇ ನಿಧಾನ ಆಗುತ್ತದೆ. ಪ್ಲಗ್ ಕಿತ್ತು, ಬಣ್ಣ ಹಚ್ಚುವ ಒಣ ಬ್ರಶ್ಶಿನಿಂದ ಝಾಡಿಸಬೇಕು.

ಈಗ ಎಲ್ಲಕ್ಕಿಂತ ವಿಚಿತ್ರವಾದ ತಪ್ಪನ್ನು ಹೇಳುತ್ತೇನೆ. ಈ ಜೂನಿನಲ್ಲಿ ಲಿಚೆಸ್ ತೆರೆಯುವುದೇ ನಿಂತಿತು. "ನಿಮ್ಮ ಸಂಪರ್ಕ ಸುರಕ್ಷಿತವಾಗಿಲ್ಲ" ಎಂಬ ಅರ್ಥದ ಬರಹ ಬಂತು. ಅಕ್ಕ ಕಾಲೇಜಿನ ಅರ್ಜಿ ತುಂಬುವ ತಾಣವೂ ತೆರೆಯಲಿಲ್ಲ, ಅದಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ಪೇಟೆಯ ಒಬ್ಬ ರಿಪೇರಿಯವರು ನೋಡಿ, "ಮದರ್‌ಬೋರ್ಡ್ ಹೋಗೈತ್ರಿ, ಮೂರು ಸಾವಿರ ಆಗ್ತೈತಿ" ಅಂದರು. ಅಪ್ಪ, "ಈಗ ಬಿತ್ತಿಗಿ ಖರ್ಚು ಐತಿ. ಹೆಸರು ಮಾರಿದ ಮ್ಯಾಲೆ ನೋಡೂಣು, ಇಲ್ಲಾಂದ್ರ ಗುಜರಿಗೆ ಹಾಕೂಣು" ಅಂದ. ಅಕ್ಕ ಅವತ್ತು ಊಟ ಮಾಡಲಿಲ್ಲ.

ನಾವು ಮತ್ತೆ ಪಿಂಗ್ ಹಾಕಿದೆವು. ರೌಟರೂ ಚಲೋ, ಹೊರಗಿನ ಲೈನೂ ಚಲೋ. ಅಂದರೆ ತಪ್ಪು ಕಂಪ್ಯೂಟರಿನಲ್ಲೇ ಇರಬೇಕು. ಆಗ ಪರದೆಯ ಕೆಳಗಿನ ಮೂಲೆಯಲ್ಲಿ ತಾರೀಖು ಕಂಡಿತು: 1-1-2010. ನಾನು ಹುಟ್ಟೋದಕ್ಕಿಂತ ಮೊದಲಿನ ದಿನ!

ತಾರೀಖಿಗೂ ಆಟಕ್ಕೂ ಏನು ಸಂಬಂಧ? ನಮ್ಮ ಬಸ್ ಪಾಸಿನ ಹಾಗೆ ಪ್ರತಿಯೊಂದು ಸುರಕ್ಷಿತ ತಾಣಕ್ಕೂ ಒಂದು ಪ್ರಮಾಣಪತ್ರ ಇರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ ಎಂದು ಅದರಲ್ಲೇ ಬರೆದಿರುತ್ತದೆ. ಬ್ರೌಸರ್ ಎಂಬ ಕಂಡಕ್ಟರು ಅದನ್ನು ತನ್ನ ಕ್ಯಾಲೆಂಡರಿಗೆ ಹೊಂದಿಸಿ ನೋಡುತ್ತಾನೆ. ಅವನ ಕ್ಯಾಲೆಂಡರ್ 2010ರಲ್ಲಿ ನಿಂತಿದ್ದರೆ, "ನಿಮ್ಮ ಪಾಸು ಇನ್ನೂ ಚಾಲೂನ ಆಗಿಲ್ಲ, ಇಳೀರಿ" ಅಂತಾನೆ. ಪಾಸು ಸರಿಯಾಗಿಯೇ ಇರುತ್ತದೆ.

ತಾರೀಖನ್ನು ಕೈಯಿಂದ ತಿದ್ದಿದ ಕೂಡಲೇ ಎರಡೂ ತಾಣ ತೆರೆದವು. ಅಕ್ಕ ಆಟ ಆಡಲು ಬಿಡದೇ ಮೊದಲು ಅರ್ಜಿ ತುಂಬಿದಳು. ಆದರೆ ರಾತ್ರಿ ಪ್ಲಗ್ ಕಿತ್ತರೆ ಬೆಳಿಗ್ಗೆ ಮತ್ತೆ 2010! ಯಾಕಂದ್ರ, ಕರೆಂಟು ಇಲ್ಲದಾಗ ಗಡಿಯಾರ ನಡೆಸಲು ಮದರ್‌ಬೋರ್ಡಿನಲ್ಲಿ ರೂಪಾಯಿ ನಾಣ್ಯದಂಥ ಒಂದು ಸೆಲ್ಲು ಇರುತ್ತದೆ. ಕೆಲವು ವರ್ಷಕ್ಕೆ ಅದು ಸಾಯುತ್ತದೆ. ಅದರ ಹೆಸರು ಸಿಆರ್ 2032. 20 ಅಂದರೆ ಅಡ್ಡಳತೆ 20 ಮಿ.ಮೀ., 32 ಅಂದರೆ ದಪ್ಪ 3.2 ಮಿ.ಮೀ. ಶಕ್ತಿ 3 ವೋಲ್ಟ್. ನಮಗೆ 40 ರೂಪಾಯಿಗೆ ಸಿಕ್ಕಿತು. ಪ್ಲಗ್ ಕಿತ್ತು, ಕಾಕಾನ ಮುಂದೆ ಕೂತು, ಅಧಿಕ ಚಿಹ್ನೆ ಮೇಲೆ ಬರುವಂತೆ ಕೂಡಿಸಿ, ತಾರೀಖು ಕೊನೆಯ ಸಲ ತಿದ್ದಿದೆವು. ಮರುದಿನವೂ ತಾರೀಖು ಸರಿಯಾಗಿಯೇ ಇತ್ತು.

ಹಳೆಯ ಸೆಲ್ಲನ್ನು ತಿಪ್ಪಿಗೆ ಒಗೀಬ್ಯಾಡ್ರಿ. ಸಣ್ಣ ಕೂಸು ನುಂಗಿದರೆ ಎರಡು ತಾಸಿನೊಳಗೇ ಗಂಟಲು ಸುಡಬಹುದು, ಕೂಡಲೇ ದವಾಖಾನೆಗೆ ಒಯ್ಯಬೇಕಾಗುತ್ತದೆ. ನಮ್ಮದಕ್ಕೆ ಅಕ್ಕ ಎರಡೂ ಕಡೆ ಟೇಪು ಸುತ್ತಿ, ಹೊಸದು ಕೊಟ್ಟ ಅಂಗಡಿಗೇ ವಾಪಸ್ ಕೊಟ್ಟು ಬಂದಳು.