ಒಪ್ಪಿಕೊಂಡ ಮೇಲೂ ಬಿಡುಗಡೆ ಹೇಗೆ?

ಪ್ರಶ್ನೆ: ಎತ್ತು ಕದ್ದದ್ದು ತಾನೇ ಎಂದು ಆರೋಪಿ ಪೊಲೀಸರಿಗೆ ಹೇಳಿದ ಮೇಲೂ ಮೇಲ್ಮನವಿಯಲ್ಲಿ ಬಿಡುಗಡೆಯಾಗುವುದು ಹೇಗೆ?

ಉತ್ತರ: ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನ ಈ ನಿಯಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಉಳಿದಿದೆ. ಏಟಿಗೆ, ಬೆದರಿಕೆಗೆ ಅಂಜಿ ನಿರಪರಾಧಿಯೂ ತಪ್ಪೊಪ್ಪಿಕೊಳ್ಳಬಹುದು ಎಂಬುದೇ ಇದರ ಹಿಂದಿನ ಕಾಳಜಿ.

ಆದರೆ ಒಂದು ವಿನಾಯಿತಿ ಇದೆ. ‘ಎತ್ತುಗಳನ್ನು ಕದ್ದು ತೋಟದ ಕೊಟ್ಟಿಗೆಯಲ್ಲಿ ಕಟ್ಟಿದ್ದೇನೆ’ ಎಂದು ವಶದಲ್ಲಿರುವ ಆರೋಪಿ ಹೇಳಿದ, ಅವು ಅಲ್ಲೇ ಸಿಕ್ಕವು ಎನ್ನೋಣ. ಕೊಟ್ಟಿಗೆಯ ಮಾತು ಸಾಕ್ಷ್ಯವಾಗುತ್ತದೆ, ‘ಕದ್ದು’ ಎಂಬ ಮಾತು ಹೊರಗುಳಿಯುತ್ತದೆ. ಪುಲುಕುರಿ ಕೋಟಯ್ಯ ಕೊಲೆ ಪ್ರಕರಣದಲ್ಲಿ 1946ರಲ್ಲಿ ಪ್ರಿವಿ ಕೌನ್ಸಿಲ್ ಎಳೆದ ಈ ಗೆರೆಯನ್ನೇ ನಮ್ಮ ನ್ಯಾಯಾಲಯಗಳು ಇಂದಿಗೂ ಅನುಸರಿಸುತ್ತವೆ.

ಹಾಗಾಗಿ ಮೇಲ್ಮನವಿಯಲ್ಲಿ ತೂಕ ಬೀಳುವುದು ಉಳಿದ ಸಾಕ್ಷ್ಯದ ಮೇಲೆ. ಕೊಂಬು, ಬಣ್ಣ, ಸುಳಿ, ಬರೆಯ ಗುರುತು ಹೇಳಿ ರೈತ ತನ್ನ ಎತ್ತನ್ನು ಗುರುತಿಸಿದನೇ? ಪಂಚರು ಜಪ್ತಿಯನ್ನು ದೃಢಪಡಿಸಿದರೇ? ಕೊಟ್ಟಿಗೆ ಆರೋಪಿಯದೇ, ಯಾರು ಬೇಕಾದರೂ ಹೋಗಿಬರುವ ಜಾಗವೇ?

ಕಳುವಾದ ಸ್ವಲ್ಪ ಸಮಯದಲ್ಲೇ ರಾಸು ಒಬ್ಬನ ಬಳಿ ಸಿಕ್ಕು, ಅದು ಹೇಗೆ ಬಂತೆಂದು ಅವನು ವಿವರಿಸದಿದ್ದರೆ, ಅವನೇ ಕಳ್ಳ ಅಥವಾ ಕಳವಿನದೆಂದು ತಿಳಿದೇ ಪಡೆದವನು ಎಂದು ನ್ಯಾಯಾಲಯ ಊಹಿಸಬಹುದು. ತಿಂಗಳುಗಟ್ಟಲೆ ಕಳೆದು, ಜಾನುವಾರು ಸಂತೆಯಲ್ಲಿ ಹಲವರ ಕೈದಾಟಿದ ಎತ್ತಿನ ವಿಷಯದಲ್ಲಿ ಆ ಊಹೆ ದುರ್ಬಲವಾಗುತ್ತದೆ.