ಅಬ್ಬಾ: ಒಂದು ಚಿಕ್ಕ ಪದ, ಹಲವು ಅರ್ಥ



ಜನವರಿ 1ರಂದು ಧರ್ಮಸಭೆಯು ದೇವಮಾತೆ ಮರಿಯಮ್ಮನವರ ಮಹೋತ್ಸವವನ್ನು ಆಚರಿಸುತ್ತದೆ. ಅಂದಿನ ಎರಡನೆಯ ವಾಚನ ಪ್ರತಿವರ್ಷವೂ ಒಂದೇ. ಅದು ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಭಾಗ. ನಮ್ಮ ಹೃದಯದಲ್ಲಿ ನೆಲೆಸಿರುವ ಪವಿತ್ರಾತ್ಮರು ದೇವರನ್ನು 'ಅಬ್ಬಾ' ಎಂದು ಕೂಗುತ್ತಾರೆ ಎಂದು ಪೌಲರು ಅಲ್ಲಿ ಹೇಳುತ್ತಾರೆ. ಒಂದು ವರ್ಷ ಆ ಪೂಜೆ ಮುಗಿದ ಮೇಲೆ ಪೀಠಸೇವೆ ಮಾಡುವ ಹುಡುಗನೊಬ್ಬ ಬಂದು, "ಫಾದರ್, ಪವಿತ್ರಾತ್ಮರಿಗೂ ಸುಸ್ತಾಗುತ್ತದೆಯೇ?" ಎಂದು ಕೇಳಿದ. ಅವನಿಗೆ ಗೊತ್ತಿದ್ದ 'ಅಬ್ಬಾ' ತಲೆಯ ಮೇಲಿನ ಹೊರೆ ಇಳಿಸಿದಾಗ ನಮ್ಮ ಬಾಯಿಂದ ತಾನಾಗಿ ಹೊರಡುವ 'ಅಬ್ಬಾ'.

ಹುಡುಗನ ಪ್ರಶ್ನೆಗೆ ಎಲ್ಲರೂ ನಕ್ಕರು. ಆದರೆ ಅದು ಒಳ್ಳೆಯ ಪ್ರಶ್ನೆಯೇ. ಈ ಪದ ಎಲ್ಲಿಂದ ಬಂತು?

ಯೇಸುಸ್ವಾಮಿ ಮನೆಯಲ್ಲಿ ಆಡುತ್ತಿದ್ದ ಭಾಷೆ ಅರಾಮಿಕ್. ಆ ಭಾಷೆಯಲ್ಲಿ 'ಅಬ್ಬಾ' ಎಂದರೆ ತಂದೆ. ಹೊಸ ಒಡಂಬಡಿಕೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದರೂ ಈ ಪದವನ್ನು ಮೂರು ಕಡೆ ಇದ್ದ ಹಾಗೆಯೇ ಉಳಿಸಿಕೊಂಡಿದ್ದಾರೆ: ಮಾರ್ಕ 14:36, ರೋಮನರಿಗೆ 8:15, ಗಲಾತ್ಯರಿಗೆ 4:6. ಮೂರು ಕಡೆಯೂ ಪಕ್ಕದಲ್ಲೇ ಗ್ರೀಕ್ ಭಾಷೆಯ 'ತಂದೆ' ಎಂಬ ಪದವಿದೆ. ರೋಮಿನ ಕ್ರೈಸ್ತರಿಗೂ ಗಲಾತ್ಯದ ಕ್ರೈಸ್ತರಿಗೂ ಪೌಲರು ಬರೆದದ್ದು ಗ್ರೀಕಿನಲ್ಲಿ. ಆದರೂ ಅವರು ಆ ಅರಾಮಿಕ್ ಪದವನ್ನು ಬಿಡಲಿಲ್ಲ. ಪ್ರಭುವಿನ ಬಾಯಲ್ಲಿ ಇದ್ದ ಪದವನ್ನು ಬಿಟ್ಟುಕೊಡಲು ಆದಿ ಧರ್ಮಸಭೆಗೆ ಮನಸ್ಸಾಗಲಿಲ್ಲ.

ಆ ಪದ ಮುಂದೆ ದೂರದೂರ ನಡೆಯಿತು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಹಿರಿಯರನ್ನು 'ಅಬ್ಬಾ' ಎಂದೂ, ತಪಸ್ವಿನಿಯರನ್ನು 'ಅಮ್ಮಾ' ಎಂದೂ ಕರೆದರು. ಲ್ಯಾಟಿನಿನಲ್ಲಿ ಅದು 'ಅಬ್ಬಾಸ್' ಆಗಿ ಮಠಾಧಿಪತಿಗೆ ಹೆಸರಾಯಿತು. ಮಠಾಧಿಪತಿಯನ್ನು ಹೀಗೆ ಕರೆಯುವುದೇಕೆ ಎಂದು ವಿವರಿಸುವಾಗ ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ಪೌಲರ ಇದೇ ಮಾತನ್ನು ನೆನೆಯುತ್ತಾರೆ. ಇಂಗ್ಲಿಷಿನ 'ಆಬಟ್', ಫ್ರಾನ್ಸಿನಲ್ಲಿ ಗುರುಗಳನ್ನು ಕರೆಯುವ 'ಅಬ್ಬೆ' ಎರಡೂ ಅಲ್ಲಿಂದಲೇ ಬಂದವು. ಇಥಿಯೋಪಿಯಾದಲ್ಲಿ ಇಂದಿಗೂ ಗುರುಗಳ ಹೆಸರಿನ ಮುಂದೆ 'ಅಬ್ಬಾ' ಸೇರುತ್ತದೆ. ಇಸ್ರೇಲಿನ ಮಕ್ಕಳು ಅಪ್ಪನನ್ನು ಕರೆಯುವುದೂ ಹೀಗೆಯೇ. ನಮ್ಮ ನೆರೆಯ ಮುಸ್ಲಿಂ ಮನೆಗಳಲ್ಲಿ ಕೇಳುವ 'ಅಬ್ಬಾ' ಅರಾಮಿಕ್‌ಗೆ ಸೋದರಿಯಾದ ಅರಬ್ಬಿಯ 'ಅಬ್' ಎಂಬ ಪದಕ್ಕೆ ಸೇರಿದ್ದು.

ಆದರೆ ಕಿವಿಗೆ ಒಂದೇ ಎನಿಸಿದ್ದೆಲ್ಲ ಒಂದೇ ಬೇರಿನದಲ್ಲ. ನಮ್ಮ ಯುವಕರು ಬಲ್ಲ ಸ್ವೀಡನ್ನಿನ 'ಅಬ್ಬಾ' ಸಂಗೀತ ತಂಡದ ಹೆಸರು ನಾಲ್ವರು ಗಾಯಕರ ಮೊದಲಕ್ಷರಗಳನ್ನು ಜೋಡಿಸಿದ್ದು, ಅಷ್ಟೆ. ಹಳಗನ್ನಡದಲ್ಲಿ 'ಅಬ್ಬೆ' ಎಂದರೆ ತಾಯಿ. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿರುವುದು ಆ ಪದವೇ. ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿ 'ಅಬ್ಬೆ'. ಕನ್ನಡದ ಮಗುವೂ ಕೊರಿಯಾದ ಮಗುವೂ ತಂದೆಯನ್ನು 'ಅಪ್ಪಾ' ಎಂದೇ ಕರೆಯುತ್ತವೆ. ಆದರೆ ತುಳುವಿನಲ್ಲಿ 'ಅಪ್ಪೆ' ತಾಯಿ, 'ಅಮ್ಮೆ' ತಂದೆ. ಜಾರ್ಜಿಯಾ ದೇಶದ ಭಾಷೆಯಲ್ಲಂತೂ 'ಮಾಮಾ' ಎಂದರೆ ತಂದೆ!

ಇದರ ಕಾರಣವನ್ನು ಭಾಷಾವಿಜ್ಞಾನಿ ರೋಮನ್ ಯಾಕೋಬ್ಸನ್ 1960ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ವಿವರಿಸಿದರು. ತುಟಿ ಮುಚ್ಚಿ ತೆರೆದರೆ ಸಾಕು, ಮ, ಪ, ಬ ಹೊರಡುತ್ತವೆ. ಮಾತು ಬರುವ ಮೊದಲೇ ಮಗು ಈ ಸದ್ದುಗಳನ್ನು ಮಾಡುತ್ತದೆ. ಅದನ್ನು ಕೇಳಿ ದೊಡ್ಡವರು 'ನನ್ನನ್ನೇ ಕರೆಯಿತು' ಎಂದು ಓಡಿಬರುತ್ತಾರೆ. ಸದ್ದು ಮಗುವಿನದು, ಅರ್ಥ ಎತ್ತಿಕೊಂಡವರದು.

ಹಾಗಾದರೆ ಯೇಸುವಿನ 'ಅಬ್ಬಾ' ತೊದಲುಮಾತೇ? ಅದರ ಅರ್ಥ 'ಡ್ಯಾಡಿ' ಎಂದು ನಮ್ಮ ಪ್ರಬೋಧನೆಗಳಲ್ಲಿ ಹೇಳುವುದುಂಟು. ನಾನೂ ಹೇಳಿದ್ದೇನೆ. ಅದು ಪೂರ್ತಿ ಸರಿಯಲ್ಲ. ಬೆಳೆದ ಮಕ್ಕಳೂ ತಂದೆಯನ್ನು ಹೀಗೆಯೇ ಕರೆಯುತ್ತಿದ್ದರು ಎಂದು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1988ರಲ್ಲಿ ತೋರಿಸಿದರು. ಶುಭಸಂದೇಶಗಳಲ್ಲಿ ಈ ಪದ ಯೇಸುವಿನ ಬಾಯಿಂದ ಬರುವುದು ಒಂದೇ ಕಡೆ, ಗೆತ್ಸೆಮನೆ ತೋಪಿನಲ್ಲಿ. ಶಿಷ್ಯರು ನಿದ್ದೆಹೋಗಿದ್ದಾರೆ, ಮರಣಭಯ ಆವರಿಸಿದೆ. ಪಾತ್ರೆಯನ್ನು ತೆಗೆದುಬಿಡುವಂತೆ ಬೇಡುತ್ತಾರೆ, ಆದರೂ ತಂದೆಯ ಚಿತ್ತವೇ ನೆರವೇರಲಿ ಎನ್ನುತ್ತಾರೆ. ಇದು ಕಷ್ಟವನ್ನು ಬಲ್ಲ ಮಗನೊಬ್ಬನ ನಂಬಿಕೆಯ ಮಾತು.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಹಿಂದೊಮ್ಮೆ ತಾಯಿಯೊಬ್ಬರು ನನ್ನೊಡನೆ, "ಫಾದರ್, ದೇವರನ್ನು ತಂದೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅಪ್ಪ ಕುಡಿದು ಬಂದರೆ ನಾವು ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದೆವು" ಎಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಂದು ಕೇಳಿದರೆ ಹೀಗೆ ಹೇಳುತ್ತೇನೆ: 'ಅಮ್ಮಾ, ಆ ಪದಕ್ಕೆ ಅರ್ಥ ತುಂಬಿದವರು ನಿಮ್ಮ ತಂದೆಯೊಬ್ಬರೇ ಅಲ್ಲ. ಭಯದಲ್ಲಿ ನೆಲಕ್ಕೆ ಬಿದ್ದು ಯೇಸು ಅದನ್ನು ಕೂಗಿದ್ದಾರೆ. ನಿಮ್ಮ ಬಾಯಿ ಬಾರದಿದ್ದಾಗ ನಿಮ್ಮೊಳಗೆ ಪವಿತ್ರಾತ್ಮರೇ ಕೂಗುತ್ತಾರೆ ಎಂದು ಪೌಲರು ಹೇಳಿದ್ದಾರೆ. ನೀವು ಸುಮ್ಮನಿದ್ದರೂ ಆ ಪ್ರಾರ್ಥನೆ ನಿಂತಿಲ್ಲ.'

ಮನೆಯ ತಂದೆಯರಿಗೂ ಒಂದು ಮಾತು. ದೇವರು ತಂದೆ ಎಂದು ಧರ್ಮೋಪದೇಶದ ತರಗತಿಯಲ್ಲಿ ನಾವು ಕಲಿಸುತ್ತೇವೆ. ಆದರೆ 'ತಂದೆ' ಎಂದರೇನು ಎಂಬುದನ್ನು ಮಗು ಅದಕ್ಕೂ ಮೊದಲೇ ನಿಮ್ಮ ದನಿಯಿಂದ, ನಿಮ್ಮ ಕೈಯಿಂದ, ನೀವು ಸಂಜೆ ಮನೆಗೆ ಬರುವ ರೀತಿಯಿಂದ ಕಲಿತಿರುತ್ತದೆ.

ಪೀಠಸೇವೆಯ ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಚಿಕ್ಕದು: "ಪವಿತ್ರಾತ್ಮರಿಗೆ ಸುಸ್ತಿಲ್ಲ ಮಗು, ಸುಸ್ತಾಗುವುದು ನಮಗೆ." ನಮ್ಮ ಕನ್ನಡದ 'ಅಬ್ಬಾ'ಗೂ ಯೇಸುವಿನ ಪದಕ್ಕೂ ನಂಟಿಲ್ಲ. ಆದರೂ ಈ ಹೊಸ ವರ್ಷ ಹೊರೆ ಇಳಿಸಿ 'ಅಬ್ಬಾ' ಎಂದಾಗಲೆಲ್ಲ ಅದನ್ನೇ ಪ್ರಾರ್ಥನೆಯಾಗಿಸಿಕೊಳ್ಳಿ. ತಂದೆಗೆ ಎರಡು ಭಾಷೆಯೂ ಅರ್ಥವಾಗುತ್ತದೆ.