ಎರಡು ಮನೆತನಗಳ ಹಿಮವಿಕ್ರಮ

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ, ರೈನ್ ನದಿಯ ಬಲದಂಡೆಯಿಂದ ಆಲ್ಪ್ಸ್ ಶಿಖರಗಳವರೆಗೆ ಹಬ್ಬಿಕೊಂಡಿರುವ ಲಿಕ್ಟನ್‌ಸ್ಟೈನ್ ಸಂಸ್ಥಾನದ ವಿಸ್ತೀರ್ಣ ಕೇವಲ 160 ಚದರ ಕಿಲೋಮೀಟರು; ಜನಸಂಖ್ಯೆ ಸುಮಾರು 40,000. ಬೇಸಗೆಯ ಒಲಿಂಪಿಕ್ಸ್‌ನಲ್ಲಿ ಒಂದು ಪದಕವನ್ನೂ ಕಾಣದ ಈ ನಾಡು, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 1976ರಿಂದ 2018ರವರೆಗೆ ಹತ್ತು ಪದಕಗಳನ್ನು ಗಳಿಸಿತು. ಅವೆಲ್ಲವೂ ಹಿಮದ ಇಳಿಜಾರಿನಲ್ಲಿ ಜಾರುವ ಆಲ್ಪೈನ್ ಸ್ಕೀಯಿಂಗ್ ಒಂದರಿಂದಲೇ ಬಂದವು. ಒಂಬತ್ತು ಪದಕಗಳಂತೂ ವೆಂಜೆಲ್ ಮತ್ತು ಫ್ರೊಮ್ಮೆಲ್ಟ್ ಎಂಬ ಎರಡೇ ಮನೆತನಗಳ ಪಾಲಾದುವು.

ಸ್ಲಾಲಮ್ ಎಂಬ ಸ್ಪರ್ಧೆಯಲ್ಲಿ ಕ್ರೀಡಾಪಟುವು ಇಳಿಜಾರಿನುದ್ದಕ್ಕೂ ಒತ್ತೊತ್ತಾಗಿ ನೆಟ್ಟ ಕೋಲುಗಳ ನಡುವೆ, ಒಂದನ್ನೂ ತಪ್ಪಿಸದೆ, ಎಡಬಲಗಳಿಗೆ ತಿರುತಿರುಗಿ ಧಾವಿಸಬೇಕು; ಎರಡು ಬಾರಿ ಹೀಗೆ ಇಳಿದ ಕಾಲವನ್ನು ಕೂಡಿಸಿ ವಿಜಯಿಯನ್ನು ನಿರ್ಣಯಿಸುತ್ತಾರೆ. ಕೋಲುಗಳ ಅಂತರ ಹೆಚ್ಚಿದಂತೆ ವೇಗವೂ ಹೆಚ್ಚುವ ಸ್ಪರ್ಧೆಯೇ ಜೈಂಟ್ ಸ್ಲಾಲಮ್. 1976ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಹಾನಿ ವೆಂಜೆಲ್ ಮತ್ತು ವಿಲ್ಲಿ ಫ್ರೊಮ್ಮೆಲ್ಟ್ ಕ್ರಮವಾಗಿ ಮಹಿಳೆಯರ ಹಾಗೂ ಪುರುಷರ ಸ್ಲಾಲಮ್‌ನಲ್ಲಿ ಕಂಚು ಗೆದ್ದು ನಾಡಿನ ಪದಕಗಳ ಲೆಕ್ಕವನ್ನು ಆರಂಭಿಸಿದರು. ನಾಲ್ಕು ವರ್ಷಗಳ ತರುವಾಯ ಲೇಕ್ ಪ್ಲಾಸಿಡ್‌ನಲ್ಲಿ ಹಾನಿಯು ಈ ಎರಡು ಸ್ಪರ್ಧೆಗಳಲ್ಲಿ ಚಿನ್ನವನ್ನೂ ಡೌನ್‌ಹಿಲ್ ಎಂಬ ವೇಗದ ಇಳಿತದ ಸ್ಪರ್ಧೆಯಲ್ಲಿ ಬೆಳ್ಳಿಯನ್ನೂ ಗೆಲ್ಲಲು, ತಮ್ಮ ಆಂಡ್ರಿಯಾಸನು ಮತ್ತೊಂದು ಬೆಳ್ಳಿಯನ್ನು ತಂದುದರಿಂದ, ಆಗ 25,000 ಜನರಷ್ಟೇ ಇದ್ದ ಆ ರಾಷ್ಟ್ರ ಪದಕಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೇರಿತು. ಅದೇ ವರ್ಷ ವಿಶ್ವಕಪ್ಪಿನ ಮಹಿಳೆಯರ ಮತ್ತು ಪುರುಷರ ಸಮಗ್ರ ಪ್ರಶಸ್ತಿಗಳೆರಡೂ ಈ ಅಕ್ಕತಮ್ಮಂದಿರಿಗೇ ಸಂದುವು. ಹಾನಿ ಹುಟ್ಟಿದುದು ಜರ್ಮನಿಯಲ್ಲಿ; ಬಾಲ್ಯದಲ್ಲಿಯೇ ವಲಸೆ ಬಂದ ಆಕೆಗೆ ಪೌರತ್ವ ದೊರೆತುದು 1974ರ ವಿಶ್ವ ಚಾಂಪಿಯನ್‌ಷಿಪ್‌ನ ವಿಜಯದ ಅನಂತರ.

1984ರಲ್ಲಿ ಉರ್ಸುಲಾ ಕೊನ್ಜೆಟ್ ಮತ್ತು ಆಂಡ್ರಿಯಾಸ್, 1988ರಲ್ಲಿ ವಿಲ್ಲಿಯ ತಮ್ಮ ಪಾಲ್ ಕಂಚು ಗೆದ್ದ ಮೇಲೆ, ಮೂವತ್ತು ವರ್ಷಗಳ ಕಾಲ ಆ ನಾಡಿಗೆ ಒಲಿಂಪಿಕ್ ಪದಕವೇ ಒಲಿಯಲಿಲ್ಲ. ಆ ಬರವನ್ನು ನೀಗಿದವಳು ಹಾನಿಯ ಮಗಳು ಟೀನಾ ವೈರಾಥರ್. ಮೊಣಕಾಲಿನ ಗಾಯದಿಂದ 2010ರ ಕೂಟಕ್ಕೆ ಹೋಗಲಾರದೆ, 2014ರಲ್ಲಿ ಸೋಚಿಯ ಉದ್ಘಾಟನೆಯಲ್ಲಿ ಧ್ವಜ ಹಿಡಿದು ನಡೆದರೂ ಅಭ್ಯಾಸದಲ್ಲಿ ಬಿದ್ದು ಸ್ಪರ್ಧಿಸಲಾರದೆ, ಕಡೆಗೆ 2018ರಲ್ಲಿ ಪ್ಯೊಂಗ್‌ಚಾಂಗ್‌ನ ಸೂಪರ್-ಜಿ ಸ್ಪರ್ಧೆಯಲ್ಲಿ ಆಕೆ ಕಂಚನ್ನು ಪಡೆದಳು. ಒಂದೇ ಓಟದಲ್ಲಿ ಎಲ್ಲವೂ ತೀರ್ಮಾನವಾಗುವ ಆ ಸ್ಪರ್ಧೆಯಲ್ಲಿ ಚಿನ್ನಕ್ಕೂ ಆಕೆಯ ಕಂಚಿಗೂ ಇದ್ದ ಅಂತರ 0.11 ಸೆಕೆಂಡು ಮಾತ್ರ.

ವಿಶಾಲ ರಾಷ್ಟ್ರಗಳು ಸಾವಿರಾರು ಮಕ್ಕಳಲ್ಲಿ ಸಮರ್ಥರನ್ನು ಆರಿಸಿಕೊಳ್ಳಬಲ್ಲವು. ಕಿರಿಯ ರಾಷ್ಟ್ರಕ್ಕೆ ಆ ಅವಕಾಶವಿಲ್ಲವಾದುದರಿಂದ, ಇರುವ ಕೆಲವರನ್ನೇ ಕೈಹಿಡಿದು ಬೆಳೆಸಬೇಕು. ಒಂದು ಪೀಳಿಗೆಯಲ್ಲಿ ಆ ಕೆಲವರು ದೊರೆಯದಿದ್ದರೆ ದಶಕಗಳು ಬರಿದಾಗುವುದುಂಟು. ಮೂವತ್ತು ವರ್ಷಗಳ ಆ ಮೌನವೇ ಇದಕ್ಕೆ ಸಾಕ್ಷಿ. ಆದರೂ ಮನೆಯ ಬಳಿಯೇ ಹಿಮದ ಇಳಿಜಾರು, ಮನೆಯೊಳಗೇ ಕಲಿಸಬಲ್ಲ ಹಿರಿಯರು, ಬಿದ್ದವರು ಏಳುವವರೆಗೆ ಕಾಯುವ ಸಹನೆ, ಈ ಮೂರೂ ಕೂಡಿದಲ್ಲಿ ಜನಸಂಖ್ಯೆಯ ಕೊರತೆ ಸಾಧನೆಗೆ ಅಡ್ಡಿಯಾಗದೆಂಬುದನ್ನು ಲಿಕ್ಟನ್‌ಸ್ಟೈನ್ ರುಜುವಾತುಪಡಿಸಿದೆ.